ಕಬ್ಬಿಣ ಮುಟ್ತಾ?

ಕಾವಲಜ್ಜನ ಎಡಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ದೊಡ್ಡ, ಅಷ್ಟೇ ಕಪ್ಪಗಿನ ಒಂದು ಜಡ್ಡು ಇತ್ತು. ಮಾತಾಡುವಾಗ ಬಲಗೈ ಹೆಬ್ಬೆರಳಿನಿಂದ ಅದನ್ನು ಸವರುತ್ತ ಕೂರುತ್ತಿದ್ದರು. ಏನದು ಎಂದು ಕೇಳಿದ್ದಕ್ಕೆ, "ನಲವತ್ತು ವರ್ಷದಿಂದ ಬಾಣದ ಅಲಗು ಇಲ್ಲಿಗೇ ಬಂದು ತಾಗ್ತದೆ ರೈಟ್ರೆ, ಚರ್ಮ ಇನ್ನೇನ್ ಮಾಡ್ತದೆ," ಎಂದರು.

ಕೊಟ್ಟಿಗೆಹಾರದಿಂದ ಮೂರು ಮೈಲಿ ಒಳಗಿದ್ದ ಆ ಕಾಫಿ ತೋಟಕ್ಕೆ ನಾನು ಲೆಕ್ಕ, ಹಾಜರಿ ಬರೆಯುವ ರೈಟರಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ಅವರು ತೋಟದ ಕಾವಲುಗಾರರು. ಕೂಲಿಯವರ ಮನೆಸಾಲಾದ ಲೈನಿನವರೆಲ್ಲ ಕಾವಲಜ್ಜ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅದು ಯುದ್ಧದ ಕಾಲ. ಕೋವಿಗೆ ತೋಟಾ ಸಿಗುತ್ತಿರಲಿಲ್ಲ, ತೋಟದ ಒಡೆಯರಾದ ಸಾಹುಕಾರರ ಕೋವಿ ಗೋಡೆಯ ಅಲಂಕಾರವಾಗಿತ್ತು. ಈ ಸುದ್ದಿ ಕಾಡುಹಂದಿಗಳಿಗೆ ಯಾರು ಹೇಳಿದರೋ, ಹಿಂಡು ಹಿಂಡಾಗಿ ಬರತೊಡಗಿದವು. ಅವನ್ನು ತಡೆಯಲು ಇದ್ದದ್ದು ಅಜ್ಜನ ಬಿದಿರಿನ ಬಿಲ್ಲೊಂದೇ.

ನನಗೆ ಆ ಬಿಲ್ಲಿನ ಹುಚ್ಚು ಹಿಡಿಯಿತು. ಸಾಹುಕಾರರು ಮೊದಲೇ ಎಚ್ಚರಿಸಿದ್ದರು: "ರೈಟರು ತಕ್ಕಡಿ ಹಿಡಿದ್ರೆ ಸಾಕು. ಬಿಲ್ಲು ಹಿಡಿದದ್ದು ಕಂಡ್ರೆ ಅವತ್ತೇ ಗಂಟುಮೂಟೆ ಕಟ್ಟಿಸ್ತೀನಿ." ವಸ್ತಾರೆಯಲ್ಲಿ ನನ್ನ ಸಂಬಳವನ್ನೇ ನೆಚ್ಚಿಕೊಂಡ ತಾಯಿ, ಮದುವೆಯ ವಯಸ್ಸಿಗೆ ಬಂದ ತಂಗಿ ಇದ್ದರು. ಆದರೂ ಭಾನುವಾರ ಎಲ್ಲರೂ ಸಂತೆಗೆ ಹೋದ ಮೇಲೆ ನಾನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಹಾಜರಾಗುತ್ತಿದ್ದೆ. ಎಷ್ಟು ಬೈದರೂ ಹೋಗದ ನನ್ನನ್ನು ನೋಡಿ ಅಜ್ಜ ಸೋತರು. ನನಗೂ ಒಂದು ಬಿಲ್ಲು ಮಾಡಿ, ನನ್ನ ತೋಳಿನ ಅಳತೆ ತೆಗೆದು ವಾಟೆ ಬಿದಿರಿನ ಬಾಣಗಳನ್ನು ಮಾಡಿಕೊಟ್ಟರು. ಅವು ಅವರ ಬಾಣಕ್ಕಿಂತ ನಾಲ್ಕು ಬೆರಳು ಗಿಡ್ಡವಾಗಿದ್ದವು. ಹೆದೆಯನ್ನು ಪೂರ್ತಿ ಎಳೆದಾಗ ಬಾಣದ ಕಬ್ಬಿಣದ ಅಲಗು ಹಿಂದೆ ಸರಿದು, ಬಿಲ್ಲು ಹಿಡಿದ ಬೆರಳಿಗೆ ತಣ್ಣಗೆ ತಾಗಬೇಕು. ಅದಕ್ಕೇ ಅಳತೆ. ತಾಗಿದ ಮೇಲೆ ಬಿಟ್ಟರೆ ಬಾಣ ಎಲುಬು ದಾಟಿ ಒಳಗೆ ಹೋಗುತ್ತದೆ. ಮೊದಲೇ ಬಿಟ್ಟರೆ ಬರೀ ಚುಚ್ಚುತ್ತದೆ, ಹಂದಿಗೆ ಸಿಟ್ಟು ಬರಿಸುತ್ತದೆ.

"ಕಣ್ಣಿಗೆ ಅವಸರ ಜಾಸ್ತಿ," ಎನ್ನುತ್ತಿದ್ದರು ಅಜ್ಜ. "ಹಂದಿ ಕಂಡ ಕೂಡ್ಲೇ ಬಿಡು ಬಿಡು ಅಂತದೆ. ಅದರ ಮಾತು ಕೇಳ್ಬೇಡಿ. ಕಬ್ಬಿಣ ಮುಟ್ಟೋ ತನಕ ಹೆದೆ ಬಿಡ್ಬೇಡಿ."

ಬಾಳೆದಿಂಡಿಗೆ ಗುರಿಯಿಟ್ಟು ನಾನು ಬಿಟ್ಟ ಪ್ರತಿ ಬಾಣಕ್ಕೂ ಒಂದೇ ಪ್ರಶ್ನೆ: "ಕಬ್ಬಿಣ ಮುಟ್ತಾ?" ನಾನು ಮುಟ್ಟಿತು ಎಂದರೆ ಮುಗಿಯಿತು, ಮರುಪ್ರಶ್ನೆ ಇಲ್ಲ. ತೋಳು ಸೋತಾಗ ಒಂದೆರಡು ಸಲ ಸುಳ್ಳು ಹೇಳಿದ್ದೂ ಉಂಟು. ಬೆರಳಿಗೆ ತಾಗಿದ್ದು ಬೆರಳಿನವನಿಗೆ ಮಾತ್ರ ಗೊತ್ತು, ಆದ್ದರಿಂದ ಬಿಲ್ಲು ಹಿಡಿದವನ ಮಾತನ್ನು ಜೊತೆಗಿದ್ದವನು ನಂಬಲೇಬೇಕು ಎಂಬುದು ಅವರ ಮನೆತನದಲ್ಲಿ ನಡೆದುಬಂದ ಪದ್ಧತಿ. ಆ ಪದ್ಧತಿಯ ಭಾರ ನನಗೆ ಆಗ ಅರ್ಥವಾಗಿರಲಿಲ್ಲ.

ಕಾಫಿ ಹಣ್ಣು ಕುಯ್ಲಿನ ದಿನಗಳು. ಒಂದು ಭಾನುವಾರ ಮಧ್ಯಾಹ್ನ ಹೊಳೆ ಪಕ್ಕದ ತಾಕಿನಲ್ಲಿ ಹಂದಿ ನೆಲ ಕಿತ್ತ ಗುರುತು ನೋಡಲು ಇಬ್ಬರೂ ಹೋಗಿದ್ದೆವು. ಅಜ್ಜ ಸ್ವಲ್ಪ ಕೆಳಗಿದ್ದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಕಾಫಿ ಗಿಡದ ಮರೆಯಿಂದ ಒಂಟಿ ಹಂದಿಯೊಂದು ಹೊರಬಂದು ನನ್ನತ್ತ ಪಕ್ಕೆ ಕೊಟ್ಟು ನಿಂತಿತು. ಅಷ್ಟು ದೊಡ್ಡ ಹಂದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಣ ಹೂಡಿದೆ, ಎಳೆದೆ. ಅಲಗು ಬೆರಳಿನಿಂದ ಇನ್ನೂ ಗೇಣು ದೂರ ಇತ್ತು. ಹಂದಿ ತಲೆ ಎತ್ತಿತು, ನಾನು ಬಿಟ್ಟುಬಿಟ್ಟೆ.

ಬಾಣ ಪಕ್ಕೆಗೆ ನಾಟಿದ್ದು ಕಂಡಿತು. ಹಂದಿ ಒಮ್ಮೆ ಚೀರಿ ಹೊಳೆಯ ಕಡೆ ನುಗ್ಗಿತು. ಅಜ್ಜ ಓಡಿ ಬಂದರು.

"ಕಬ್ಬಿಣ ಮುಟ್ತಾ?"

"ಮುಟ್ಟಿತು."

"ಹಾಗಾದ್ರೆ ದೂರ ಹೋಗಲ್ಲ, ಬನ್ನಿ. ಗಾಯದ ಹಂದೀನ ಬಿಟ್ಟು ಹೋಗೋ ಹಾಗಿಲ್ಲ, ನಾಳೆ ಹೆಣ್ಣಾಳುಗಳು ಕುಯ್ಯೋಕೆ ಬರೋದು ಇದೇ ತಾಕಿಗೆ."

ಅವರು ಮುಂದೆ, ನಾನು ಹಿಂದೆ. ತರಗೆಲೆಯ ಮೇಲೆ ಒಂದೊಂದೇ ಹನಿ ರಕ್ತ ಬಿದ್ದಿತ್ತು. ಹೊಳೆ ದಾಟಿದ ಮೇಲೆ ಅಜ್ಜ ಕೂತು ಒಂದು ಎಲೆ ಎತ್ತಿ ನೋಡಿದರು. "ರಕ್ತ ಕಮ್ಮಿ ಐತಲ್ಲ," ಎಂದು ನನ್ನ ಮುಖ ನೋಡಿದರು. ಹೇಳುವುದಕ್ಕೆ ಅದೇ ಹೊತ್ತು. ನಾನು ಹೇಳಲಿಲ್ಲ.

"ಮುಟ್ಟಿತ್ತು ಅಂದ್ರೆ ಒಳಗೇ ಸುರೀತಿರ್ಬೇಕು," ಎಂದು ತಾವೇ ಸಮಾಧಾನ ಹೇಳಿಕೊಂಡು ಎದ್ದರು. ನಲವತ್ತು ವರ್ಷ ಕಾಡು ಓದಿದ ತಮ್ಮ ಕಣ್ಣನ್ನು ಬದಿಗಿಟ್ಟು ನನ್ನ ಮಾತನ್ನು ನಂಬಿದರು. ಸತ್ತ ಹಂದಿಗೆ ಬಿಲ್ಲೇಕೆ ಎಂದು ಬಿಲ್ಲನ್ನು ಹೆಗಲಿಗೆ ತೂಗುಹಾಕಿಕೊಂಡರು. ನಾನು ಮನಸ್ಸಿನಲ್ಲೇ ದೇವರಿಗೆ ಹರಕೆ ಹೊರುತ್ತ ನಡೆದೆ, ಹಂದಿ ಹೇಗಾದರೂ ಸತ್ತಿರಲಿ ಎಂದು.

ಗುರುತು ಒಂದು ಲಂಟಾನದ ಪೊದೆಯ ಒಳಗೆ ಹೋಗಿತ್ತು. ಒಳಗೆ ಸದ್ದೇ ಇಲ್ಲ. ಅಜ್ಜ ಕೊಂಬೆ ಸರಿಸಿ, ಬಗ್ಗಿ, ತಲೆ ಒಳಗಿಡಲು ಹೋದರು. ಆಗ ನನ್ನಿಂದ ತಡೆಯಲಾಗಲಿಲ್ಲ.

"ಅಜ್ಜ, ಮುಟ್ಟಿರಲಿಲ್ಲ."

ಅವರು ಥಟ್ಟನೆ ನೆಟ್ಟಗಾಗಿ ಹಿಂದೆ ಸರಿದರು. ಅದೇ ಕ್ಷಣ ಪೊದೆ ಒಡೆದು ಹಂದಿ ಬಂತು. ಬಗ್ಗಿದ್ದ ಹೊಟ್ಟೆಗೆ ಬೀಳಬೇಕಾಗಿದ್ದ ಕೋರೆ ತೊಡೆಗೆ ಬಿತ್ತು. ಅಜ್ಜ ಒಂದು ಮಂಡಿ ಊರಿ ಕುಸಿದರು. ಹಂದಿ ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿತು.

ನನ್ನ ಬಿಲ್ಲು ಎಲ್ಲಿ ಬಿದ್ದಿತ್ತೋ ನನಗೆ ಗೊತ್ತಿಲ್ಲ. ಅಜ್ಜ ಕೂತಲ್ಲೇ ಹೆಗಲಿನ ಬಿಲ್ಲು ಇಳಿಸಿ ಬಾಣ ಹೂಡಿದರು. ತೊಡೆಯಿಂದ ರಕ್ತ ಮಣ್ಣಿಗೆ ಇಳಿಯುತ್ತಿತ್ತು. ಹಂದಿ ತಲೆ ತಗ್ಗಿಸಿ ಹೊರಟಿತು. ಅವರು ಎಳೆಯುತ್ತಲೇ ಇದ್ದರು. ಬಿಡಿ ಅಜ್ಜ, ಬಿಡಿ ಎಂದು ನಾನು ಅರಚಿರಬೇಕು. ಹಂದಿ ಐದು ಹೆಜ್ಜೆಗೆ ಬಂದಿತ್ತು, ಅಲಗು ಇನ್ನೂ ಬೆರಳು ಮುಟ್ಟಿರಲಿಲ್ಲ, ಅವರು ಬಿಡಲಿಲ್ಲ. ಮೂರು ಹೆಜ್ಜೆ ಇರುವಾಗ ಅಲಗು ಬೆರಳಿಗೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಬಿಟ್ಟರು. ಹಂದಿ ಅವರ ಕಾಲ ಬಳಿಯೇ ಬಿತ್ತು.

ನಾನು ಪಂಚೆ ಹರಿದು ಗಾಯ ಕಟ್ಟುವಾಗ ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಂದಿಯ ಪಕ್ಕೆಯಲ್ಲಿದ್ದ ನನ್ನ ಬಾಣ ತೋರಿಸಿ, "ಅದನ್ನ ಕಿತ್ತು ಮುರಿದು ಹೊಳೆಗೆ ಹಾಕಿ. ಅಳತೆ ನೋಡಿದ್ರೆ ಯಾರದ್ದು ಅಂತ ಗೊತ್ತಾಗ್ತದೆ," ಎಂದರು. "ಎರಡು ಬಾಣಾನೂ ನಂದೇ. ಮೊದಲನೇದಕ್ಕೆ ಕೈ ಸೋತಿತು ಅಂತೀನಿ. ನೀವೇನೂ ಹೇಳಾಕೆ ಹೋಗ್ಬೇಡಿ. ಮನೇಲಿ ತಂಗಿ ಅವ್ಳೆ."

ನಾನು ಬಾಣ ಕಿತ್ತೆ, ಮುರಿದೆ, ಹೊಳೆಗೆ ಹಾಕಿದೆ.

ಲೈನಿನಲ್ಲಿ ಅವರ ಜೊತೆಗಿದ್ದವಳು ವಿಧವೆ ಮಗಳೊಬ್ಬಳೇ. ಹಣ್ಣು ಕುಯ್ಯುವ ಕೆಲಸದವಳು. ಅವಳೇ ಗಾಯಕ್ಕೆ ಸೊಪ್ಪು ಅರೆದು ಹಚ್ಚಿ ಎರಡು ತಿಂಗಳು ಆರೈಕೆ ಮಾಡಿದಳು. ಅಜ್ಜ ಬದುಕಿದರು, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಸಾಹುಕಾರರು, "ವಯಸ್ಸಾಯ್ತು ಕಣೋ, ಬಿಲ್ಲು ಕೆಳಗಿಡು," ಎಂದು ಕಾವಲಿನಿಂದ ತೆಗೆದು ಕಣದಲ್ಲಿ ಒಣಹಾಕಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಕಾಯಲು ಕೂರಿಸಿದರು. ಕಾಡಿನ ಹಂದಿಯನ್ನು ತಡೆದವರು ಕೈಯಲ್ಲೊಂದು ಕೋಲು ಹಿಡಿದು ಕೋಳಿ ಓಡಿಸತೊಡಗಿದರು.

"ಅಜ್ಜ, ಕೋಳಿಗಾದ್ರೂ ಗುರಿ ಸರಿಯಾಗಿ ಇಡು ಮಾರಾಯ," ಎಂದು ಆಳುಗಳ ಮೇಸ್ತ್ರಿ ದಿನಾ ತಮಾಷೆ ಮಾಡುತ್ತಿದ್ದ. ಆಳುಗಳು ನಗುತ್ತಿದ್ದರು. ಹತ್ತು ಮಾರು ದೂರದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತ ನಾನು ತಲೆ ತಗ್ಗಿಸುತ್ತಿದ್ದೆ. ಅಜ್ಜ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಕೋಳಿಯ ಕಡೆ ತಿರುಗುತ್ತಿದ್ದರು. ಹೇಳಬೇಡಿ ಎಂದು ನೆನಪಿಸುತ್ತಿದ್ದಾರೆ ಎಂದೇ ನಾನು ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವೂ ಆಗಿತ್ತು.

ಎರಡು ವರ್ಷದ ನಂತರ ಚಳಿಜ್ವರ ಬಂದು ಅಜ್ಜ ತೀರಿಕೊಂಡರು. ಮಣ್ಣು ಮಾಡಿ ಎಲ್ಲರೂ ಹೊಳೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಮೇಸ್ತ್ರಿ, "ಒಳ್ಳೇ ಕೈ ಇತ್ತು. ಕೊನೆಗಾಲಕ್ಕೆ ತಪ್ಪಿಬಿಡ್ತು," ಎಂದ. ಸಾಹುಕಾರರೂ ಅಲ್ಲಿದ್ದರು.

"ತಪ್ಪಿದ್ದು ಅಜ್ಜನ ಕೈಯಲ್ಲ," ಎಂದೆ. "ಮೊದಲ ಬಾಣ ನಂದು. ಅರ್ಧಕ್ಕೇ ಬಿಟ್ಟೆ. ಪೂರ್ತಿ ಎಳೆದೆ ಅಂತ ಅವ್ರಿಗೆ ಸುಳ್ಳು ಹೇಳ್ದೆ."

ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮನೆಯ ಕಡೆ ನಡೆದರು. ಆ ಹೊತ್ತಿಗೆ ತಂಗಿಯ ಮದುವೆಯಾಗಿತ್ತು, ಗೋಣಿಬೀಡಿನ ಕಡೆಯ ಒಂದು ತೋಟದಲ್ಲಿ ನನಗೆ ಬೇರೆ ಕೆಲಸವೂ ಸಿಕ್ಕಿತ್ತು. ಸತ್ಯ ಹೇಳಿ ಕಳೆದುಕೊಳ್ಳುವಂಥದ್ದು ನನ್ನಲ್ಲಿ ಏನೂ ಉಳಿದಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅಜ್ಜನ ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಅಪ್ಪ ನಂಗೆ ಅವತ್ತೇ ಹೇಳಿದ್ದ," ಎಂದಳು. "ರೈಟ್ರು ಒಳ್ಳೆಯವ್ರು, ಇವತ್ತಲ್ಲ ನಾಳೆ ತಾವೇ ಹೇಳ್ತಾರೆ ಅಂತಿದ್ದ. ಆ ಕಣದಲ್ಲಿ ಕೂತು ಎರಡು ವರ್ಷ ಕಾದ."