ಐವತ್ತು ನೋಟಗಳ ಎಣಿಕೆ

ಜಠರ ಮತ್ತು ಕರುಳಿನ ಗೆಡ್ಡೆಗಳನ್ನು ಗುರುತಿಸುವ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದ ನಮ್ಮ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥೆಯವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಶಸ್ತ್ರವೈದ್ಯರ ಹೆಸರು ರೋಗಿಗಳ ಬಾಯಲ್ಲಿ ಉಳಿಯುತ್ತದೆ. ಅವರು ಕತ್ತರಿಸಿ ಕಳಿಸಿದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟು ‘ಇದು ಇಂಥದ್ದು’ ಎಂದು ಹೇಳುವವರ ಹೆಸರು ವರದಿಯ ಕೆಳಗಿನ ಸಹಿಯಲ್ಲೇ ಮುಗಿದುಹೋಗುತ್ತದೆ. ಆ ಸಹಿಯ ಬೆಲೆ ಎಷ್ಟೆಂಬುದನ್ನು ಬಲ್ಲವನು ನಾನು. ಅಭಿನಂದನ ಗ್ರಂಥಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ನಾಲ್ಕಕ್ಕೆ ಕೊರತೆಯಿಲ್ಲ; ಐದನೆಯದೊಂದು ಮಾತು ಇದೆ, ಅದು ಒಳ್ಳೆಯದಲ್ಲ, ಅದನ್ನು ಬಿಟ್ಟು ಬರೆದರೆ ಈ ಲೇಖನವೇ ಸುಳ್ಳಾಗುತ್ತದೆ.

ಮೇಡಂ ಕೆಲಸಕ್ಕೆ ಸೇರಿದ ಕಾಲದಲ್ಲಿ ಕರುಳಿನ ಗೋಡೆಯಲ್ಲಿ ಬೆಳೆದ ಗೆಡ್ಡೆಗಳನ್ನೆಲ್ಲ ಸ್ನಾಯುವಿನ ಗೆಡ್ಡೆಗಳೆಂದೇ ಬರೆದು ಕಳಿಸುತ್ತಿದ್ದರು. ಅವುಗಳಲ್ಲಿ ಬಹುಪಾಲು ಸ್ನಾಯುವಿನದ್ದಲ್ಲ, ಕರುಳಿನ ಚಲನೆಗೆ ತಾಳ ಹಾಕುವ ಕೋಶಗಳ ಬಳಗದ್ದು ಎಂದು ಆಮೇಲೆ ತಿಳಿಯಿತು. ಗಿಸ್ಟ್ ಎಂಬ ಹೆಸರು ಬಳಕೆಗೆ ಬಂತು, ಅದನ್ನು ಕಂದುಬಣ್ಣದಲ್ಲಿ ಎತ್ತಿ ತೋರಿಸುವ ಪರೀಕ್ಷೆ ಬಂತು, ಹಳೆಯ ಔಷಧಿಗಳಿಗೆ ಜಗ್ಗದ ಆ ಗೆಡ್ಡೆಯನ್ನು ಹಿಡಿದು ನಿಲ್ಲಿಸುವ ಇಮ್ಯಾಟಿನಿಬ್ ಮಾತ್ರೆಯೂ ಬಂತು. ಬೇರೆಯವರು ಅಂದಿನಿಂದ ಮುಂದಿನದನ್ನು ಸರಿಯಾಗಿ ಬರೆದರೆ ಸಾಕೆಂದುಕೊಂಡಾಗ, ಮೇಡಂ ನೆಲಮಾಳಿಗೆಯ ಕಪಾಟುಗಳಿಂದ, ಗೆಡ್ಡೆಯ ತುಂಡುಗಳನ್ನು ಕಾಪಿಟ್ಟಿದ್ದ ಹತ್ತು ವರ್ಷಗಳ ಮೇಣದ ಅಚ್ಚುಗಳನ್ನು ಹೊರಗೆ ತೆಗೆಸಿ, ಒಂದೊಂದನ್ನೂ ಮತ್ತೆ ಕೊಯ್ದು, ಮತ್ತೆ ಬಣ್ಣ ಹಾಕಿ ನೋಡಿದರು. ಅರವತ್ತಮೂರು ವರದಿಗಳು ತಪ್ಪೆಂದು ಗೊತ್ತಾಯಿತು. ಅರವತ್ತಮೂರು ಮನೆಗಳಿಗೂ ತಾವೇ ಕಾಗದ ಬರೆದರು. ಹೆಚ್ಚಿನವು ‘ವ್ಯಕ್ತಿ ತೀರಿಕೊಂಡಿದ್ದಾರೆ’ ಎಂಬ ಷರಾದೊಂದಿಗೆ ಮರಳಿದವು. ಬದುಕಿ ಬಂದವರು ನಾಲ್ಕು ಮಂದಿ. ಅವರಲ್ಲೊಬ್ಬರು, ನಿವೃತ್ತ ಅಂಚೆಯವರು, ಆ ಮಾತ್ರೆಯ ಬಲದಲ್ಲಿ ಮತ್ತೆ ಒಂಬತ್ತು ವರ್ಷ ಬದುಕಿದರು.

ವಿದ್ಯಾರ್ಥಿಗಳಾದ ನಾವು ಅವರಿಗಿಟ್ಟ ಅಡ್ಡಹೆಸರು ‘ಐವತ್ತಮ್ಮ’. ಗಿಸ್ಟ್ ಮುಂದೆ ಮರುಕಳಿಸುತ್ತದೆಯೋ ಇಲ್ಲವೋ ಎಂದು ಅಂದಾಜಿಸಲು ಅದು ಎಲ್ಲಿ ಹುಟ್ಟಿದೆ, ಎಷ್ಟು ದೊಡ್ಡದು ಎಂಬುದರ ಜೊತೆಗೆ ಒಡೆದು ಎರಡಾಗುತ್ತಿರುವ ಕೋಶಗಳನ್ನೂ ಎಣಿಸಬೇಕು. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ನೋಟ; ಆಗಿನ ಪದ್ಧತಿಯಂತೆ ಗಾಜಿನ ಪಟ್ಟಿಯನ್ನು ಸರಿಸುತ್ತ ಅಂಥ ಐವತ್ತು ನೋಟಗಳನ್ನು ನೋಡಬೇಕಿತ್ತು. ಕತ್ತು ಹಿಡಿಯುವ, ಕಣ್ಣು ಉರಿಯುವ ಕೆಲಸ. ನಮ್ಮ ವಿಭಾಗದ ಪುಸ್ತಕದಲ್ಲಿ ಎಣಿಕೆಗೆ ಎರಡು ಅಂಕಣಗಳಿದ್ದವು. ಒಬ್ಬರದನ್ನು ಇನ್ನೊಬ್ಬರು ನೋಡದೆ ಇಬ್ಬರು ಎಣಿಸಬೇಕೆಂಬುದು ಮೇಡಂ ಮಾಡಿದ ನಿಯಮ. ‘ಲಗ್ನಪತ್ರಿಕೆಗೂ ಇಷ್ಟು ಸಾಕ್ಷಿ ಬೇಡ’ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನಾನು ಅಂತಿಮ ವರ್ಷದಲ್ಲಿದ್ದಾಗ ಒಬ್ಬ ಟೈಲರ್ ಹೆಂಗಸಿನ ಗೆಡ್ಡೆ ನಮ್ಮಲ್ಲಿಗೆ ಬಂತು. ಮೂವತ್ತೆಂಟು ವರ್ಷ, ತಿಂಗಳುಗಟ್ಟಲೆ ಸುಸ್ತು, ಮಲ ಕಪ್ಪಾಗಿ ಹೋಗುತ್ತಿತ್ತು. ಸಣ್ಣಕರುಳಿನಿಂದ ತೆಗೆದದ್ದು ನಾಲ್ಕು ಸೆಂಟಿಮೀಟರ್. ಬಣ್ಣದ ಪರೀಕ್ಷೆಯಲ್ಲಿ ಗಿಸ್ಟ್ ಎಂದು ಖಚಿತವಾಯಿತು. ಎಣಿಕೆ ಐದರೊಳಗಿದ್ದರೆ ಭಯ ಕಡಿಮೆ. ಐದು ದಾಟಿದರೆ ಮೂರು ವರ್ಷ ಮಾತ್ರೆ ನುಂಗಬೇಕು. ನಾನು ಇಪ್ಪತ್ತು ನೋಟ ನೋಡಿದೆ. ಮೂರು ಸಿಕ್ಕವು. ಮಧ್ಯಾಹ್ನ ಎರಡೂವರೆ, ಊಟವಾಗಿರಲಿಲ್ಲ, ಉಳಿದದ್ದೂ ಹೀಗೇ ಇರುತ್ತದೆ ಎಂದುಕೊಂಡು ಪಟ್ಟಿಯನ್ನು ಎತ್ತಿಟ್ಟೆ. ಎರಡನೆಯ ಎಣಿಕೆ ಮಾಡಬೇಕಿದ್ದ ಮೇಡಂ ಬೇರೊಂದು ಕಾಲೇಜಿಗೆ ಪರೀಕ್ಷಕರಾಗಿ ಹೋಗಿದ್ದರು. ಶಸ್ತ್ರವೈದ್ಯರು ವರದಿಗೆ ಅವಸರ ಮಾಡುತ್ತಿದ್ದರಿಂದ ಮೇಡಂ ಅಲ್ಲಿಂದಲೇ ನನಗೆ ಫೋನ್ ಮಾಡಿದರು.

“ಎಷ್ಟು ಬಂತೋ?”

“ಮೂರು, ಮೇಡಂ.”

“ಐವತ್ತೂ ನೋಡಿದ್ಯಾ?”

“ಐವತ್ತೂ ನೋಡ್ದೆ.”

ಅವರ ಸೇವಾವಧಿಯಲ್ಲಿ ಎರಡನೆಯ ಅಂಕಣ ಖಾಲಿಯಿದ್ದೂ ವರದಿ ಹೊರಗೆ ಹೋದದ್ದು ಅದೊಂದೇ ಸಲ. ಅವತ್ತೇ ಹೊರಟುಹೋಗಿದ್ದ ವರದಿಯ ಪ್ರತಿಗೆ, ಮರುದಿನ ಬಂದು, ನನ್ನ ಮಾತು ನಂಬಿ, ಸಹಿ ಹಾಕಿದರು. ಮಾತ್ರೆ ಬೇಡವೆಂದು ತೀರ್ಮಾನವಾಯಿತು. ಟೈಲರಮ್ಮ ತನ್ನ ಮಷಿನ್ನಿಗೆ ಮರಳಿದಳು.

ಎರಡು ವರ್ಷದ ನಂತರ ಅವಳ ಯಕೃತ್ತಿನ ತುಂಬ ಗಂಟುಗಳು. ಆ ಹೊತ್ತಿಗೆ ನಾನು ಅದೇ ವಿಭಾಗದಲ್ಲಿ ಉಪನ್ಯಾಸಕನಾಗಿದ್ದೆ. ಅವಳ ಹಳೆಯ ಗಾಜಿನ ಪಟ್ಟಿ ತರಿಸಿಕೊಂಡು ಮೇಡಂ ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ. ಎಣಿಸಿ ಮುಗಿಸಿ, ಮತ್ತೆ ಮೊದಲಿಂದ ಎಣಿಸಿದರು. ಹನ್ನೊಂದು. ನನ್ನ ಕಡೆ ತಿರುಗಲಿಲ್ಲ, ಏನನ್ನೂ ಕೇಳಲಿಲ್ಲ. ‘ಅವರನ್ನ ಒಳಗೆ ಕರಿ’ ಎಂದರು.

ಟೈಲರಮ್ಮ ತನ್ನ ಅಕ್ಕನೊಂದಿಗೆ ಬಂದು ಕೂತಳು. ಮೇಡಂ ಸುತ್ತುಬಳಸಲಿಲ್ಲ. “ಅವತ್ತು ಎಣಿಕೆ ತಪ್ಪಿದೆಯಮ್ಮ. ಆಗಲೇ ಮಾತ್ರೆ ಕೊಡಬೇಕಿತ್ತು. ಸಹಿ ನನ್ನದು, ತಪ್ಪೂ ನನ್ನದೇ.” ಹೇಳುತ್ತ ಹೇಳುತ್ತ ಅವರಿಗೆ ಅಳು ಬಂತು. ಟೈಲರಮ್ಮ ಹೇಳಿದಳು: “ನಮ್ಮಲ್ಲಿ ಅಳತೆ ತಪ್ಪಿದ್ರೆ ಬಿಚ್ಚಿ ಮತ್ತೆ ಹೊಲೀತೀವಿ ಮೇಡಂ. ನಿಮ್ಮಲ್ಲಿ ಹಂಗಾಗಲ್ಲ, ಅಲ್ವಾ?”

ಮಾತ್ರೆ ಶುರುವಾಯಿತು. ಗಂಟುಗಳು ಇಪ್ಪತ್ತೆರಡು ತಿಂಗಳು ಸುಮ್ಮನಿದ್ದು, ಆಮೇಲೆ ಔಷಧಿಗೆ ಬಗ್ಗಲಿಲ್ಲ. ಎರಡನೆಯ ಮಾತ್ರೆ ಐದು ತಿಂಗಳು ತಳ್ಳಿತು. ಮೇಡಂ ಪ್ರತಿ ವಾರ ವಾರ್ಡಿಗೆ ಹೋಗಿ ಅವಳ ಪಕ್ಕದಲ್ಲಿ ಕೂತು ಬರುತ್ತಿದ್ದರು. ನಾನು ಒಮ್ಮೆಯೂ ಹೋಗಲಿಲ್ಲ. ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು.

ಅಂದಿನಿಂದ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮೊದಲ ಪಾಠಕ್ಕೆ ಮೇಡಂ ಆ ಪಟ್ಟಿಯನ್ನೇ, ತಮ್ಮ ಹೆಸರಿನ ಚೀಟಿ ಅಂಟಿಸಿ, ಇಡುತ್ತಿದ್ದರು. ‘ಇದು ನನ್ನ ತಪ್ಪು, ನೋಡ್ಕೊಳ್ಳಿ’ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಆ ಪಾಠವನ್ನು ನಾನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದೇನೆ. ಬಾಯಿಗೆ ಬೀಗ ಹಾಕಿಕೊಂಡವನಿಗೆ ಬಡ್ತಿಗಳು ಬಂದವು. ಮುಂದಿನ ತಿಂಗಳು ಅವರ ಕುರ್ಚಿಯೂ ನನಗೇ ಬರುತ್ತದೆ.

ಹೋದ ವಾರ ಅವರ ಕೋಣೆಗೆ ಹೋಗಿ ಹೇಳಿದೆ. ಇಪ್ಪತ್ತೇ ನೋಡಿದ್ದು, ಮೇಡಂ. ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಗೊತ್ತು. ನನಗೇನು ಹೇಳ್ತೀಯ? ಅವಳ ಅಕ್ಕನಿಗೆ ಹೇಳು.”

ಹೋದೆ. ತಂಗಿಯ ಅಂಗಡಿಯನ್ನು ಈಗ ಅಕ್ಕ ನಡೆಸುತ್ತಾರೆ, ಮಷಿನ್ ಅದೇ. ನಾನು ಹೇಳಿ ಮುಗಿಸುವವರೆಗೂ ಅವರು ಮಷಿನ್ ತುಳಿಯುತ್ತಿದ್ದ ಕಾಲು ನಿಲ್ಲಿಸಿ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು: “ಆ ಮೇಡಂ ನಮ್ಮೆದುರು ಅಳ್ತಿದ್ದಾಗ, ಬಾಗಿಲ ಹತ್ರ ನಿಂತಿದ್ರಲ್ಲ, ಅದು ನೀವೇ ಅಲ್ವಾ?”

ಹೌದು ಎಂದೆ. ಅವರು ಬಟ್ಟೆಯನ್ನು ಸರಿಪಡಿಸಿಕೊಂಡು ಮತ್ತೆ ಹೊಲಿಯತೊಡಗಿದರು. ನಾನು ಎದ್ದು ಬಂದೆ.

ಮೇಡಂ, ನಿಮ್ಮ ಕಣ್ಣು ಮಂಜಾಗದಿರಲಿ, ಕತ್ತು ಸೋಲದಿರಲಿ, ನೂರು ವರ್ಷ ಗಟ್ಟಿಯಾಗಿರಿ. ಆ ಪಟ್ಟಿಯ ಮೇಲಿನ ಚೀಟಿಯಲ್ಲಿ ನಿಮ್ಮ ಹೆಸರು ಹೊಡೆದುಹಾಕಿ ನನ್ನದನ್ನು ಬರೆದಿದ್ದೇನೆ. ಈ ವರ್ಷದ ಮೊದಲ ಪಾಠ ನಾನು ಮಾಡುತ್ತೇನೆ. ನಿವೃತ್ತಿಯ ಮೇಲೂ ವಾರಕ್ಕೊಂದು ದಿನ ಬನ್ನಿ, ನಿಮ್ಮ ಹಳೆಯ ಸ್ಟೂಲು ಅಲ್ಲೇ ಇರುತ್ತದೆ. ಎರಡನೆಯ ಅಂಕಣ ನಿಮ್ಮದು. ಬರಲಾಗದ ದಿನ ಬೇರೆ ಯಾರಿಂದಲಾದರೂ ಎಣಿಕೆ ಮಾಡಿಸಿ. ಫೋನಿನಲ್ಲಿ ನನ್ನ ಮಾತನ್ನು ಮಾತ್ರ ನಂಬಬೇಡಿ.