ಜಾಗ ಬಿಡದ ದೀಪ

ಸರ್ ಸರ್ವರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಕೋಣೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಳಗಿನ ಸದ್ದು ಕೇಳಿ ‘ಇನ್ನೂ ಒಂದ ವರ್ಷ ನಡೀತೈತಿ’ ಎಂದೋ ‘ಇದರ ಉಸಿರು ಸರಿ ಇಲ್ಲ’ ಎಂದೋ ಹೇಳುತ್ತಿದ್ದರು. ಹಿಡಿ ಒತ್ತಿ ಒತ್ತಿ ಅವರ ಕಿವಿಯ ಮುಂದೆ ಒಂದು ಕಪ್ಪು ಗುರುತೇ ಬಿದ್ದಿತ್ತು.

ನಾನು ಆಗ ಬನಹಟ್ಟಿಯ ಒಂದು ನೇಕಾರರ ಸಂಘದಲ್ಲಿ ಸೀರೆಯ ದಡಿ, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸಕ್ಕೆ ಸೇರಿದ್ದೆ. ಸರ್ ಜಮಖಂಡಿಯವರು. ಸ್ಕೂಟರಿನ ಮೇಲೆ ಮುಧೋಳ, ಲೋಕಾಪುರ, ಬೀಳಗಿ ಅಂತ ತಿರುಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಡಿಸೈನುಗಳನ್ನೆಲ್ಲ ಕೂಡಿಡುತ್ತಿದ್ದ ನಮ್ಮ ಸರ್ವರ್ ಯಾರೋ ಬಳಸಿ ಬಿಟ್ಟದ್ದು. ಅದರಲ್ಲಿ ಮೇಲೊಂದು, ಕೆಳಗೊಂದು, ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತಿತ್ತು. ಒಂದು ಕೈಕೊಟ್ಟರೆ ಅದರ ಮುಂದೆ ಕೆಂಪು ದೀಪ ಹತ್ತಿ ಪೆಟ್ಟಿಗೆ ಕೂಗತೊಡಗುತ್ತಿತ್ತು. ಕೆಲಸ ಮಾತ್ರ ಇನ್ನೊಂದರ ಮೇಲೆ ನಡೆದಿರುತ್ತಿತ್ತು.

ನಾನು ಅವರಿಂದ ಕಲಿಯುತ್ತ ಪೆಟ್ಟಿಗೆ ಬಿಚ್ಚುವುದನ್ನು ಕಂಡು, ಹೆಣ್ಣುಮಗಳೆಂದು ನಕ್ಕವರಿಗೆ, ‘ನಿಮ್ಮ ಮನ್ಯಾಗ ಮಗ್ಗ ನಡಸೂ ಹೆಣ್ಮಕ್ಳ ಇಲ್ಲೇನು?’ ಎಂದು ಬಾಯಿ ಮುಚ್ಚಿಸಿದವರು ಅವರೇ. ನನಗೆ ಹೇಳುತ್ತಿದ್ದರು: ‘ದೀಪ ಹತ್ತಿತಂದ್ರ ಡಿಸ್ಕ್ ಸತ್ತೈತಿ ಅನ್ನಬ್ಯಾಡ ತಂಗಿ. ಮೊದಲ ಕಾಪಿ ತಗೋ. ಆಮ್ಯಾಲ ಎರಡೂ ಡಿಸ್ಕಿನ ಜಾಗಾ ಅದಲಬದಲ ಮಾಡು. ದೀಪ ಡಿಸ್ಕಿನ ಬೆನ್ನ ಹತ್ತಿ ಹೋತಂದ್ರ ಡಿಸ್ಕ್ ಕೆಟ್ಟೈತಿ. ಜಾಗಾ ಬಿಡಲಿಲ್ಲಂದ್ರ ಆ ಜಾಗಾದ ಕೇಬಲ್ ಕೆಟ್ಟೈತಿ.’ ಅವರ ಮಾತೆಂದರೆ ನನಗೆ ಅಪ್ಪನ ಮಾತಿದ್ದಂತೆ.

ಒಂದು ಸಲ ಕೆಳಗಿನ ಡಿಸ್ಕಿನ ದೀಪ ಹತ್ತಿತು. ಪ್ರತಿ ಸಲ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸುತ್ತಿದ್ದವರು ಅಂದು ನನ್ನನ್ನು ಚಹಾ ಹೇಳಿಬರಲು ಕಳುಹಿಸಿದರು. ನಾನು ಬರುವಷ್ಟರಲ್ಲಿ ಹೊಸ ಡಿಸ್ಕ್ ಕೂತಿತ್ತು, ಕೂಗು ನಿಂತಿತ್ತು. ‘ಹಳೇದು ಪೂರಾ ಸತ್ತೈತಿ’ ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಮುಂದೆ ಚಿಮ್ಮಡದಲ್ಲಿ ಒಂದು ಕುಬಸಕ್ಕೆ ಹೋದಾಗ ಬಸುರಿಯ ಹಸಿರು ಸೀರೆಯ ದಡಿ ನೋಡಿ ಹತ್ತಿರ ಸರಿದು ಕೂತೆ. ಅದು ನನ್ನ ಗಿಳಿಸಾಲು. ಹಬ್ಬಕ್ಕೆಂದು ಬಿಡಿಸಿಟ್ಟಿದ್ದು, ನಮ್ಮ ಮಗ್ಗಕ್ಕೆ ಇನ್ನೂ ಏರಿರಲೇ ಇಲ್ಲ. ಅವಸರದಲ್ಲಿ ಒಂದು ಗಿಳಿಯ ಕೊಕ್ಕು ಮೊಂಡಾಗಿತ್ತು, ಆಮೇಲೆ ತಿದ್ದಿದರಾಯಿತೆಂದು ಬಿಟ್ಟಿದ್ದೆ. ಆ ಸೀರೆಯಲ್ಲೂ ಅದು ಮೊಂಡೇ. ರಬಕವಿಯ ಒಬ್ಬ ಮಾಲೀಕರು ನೇಯಿಸಿದ್ದೆಂದು ತಿಳಿಯಿತು.

ಊರಿಗೆ ಬಂದವಳೇ ಸಂಘದ ಚೇರ್ಮನ್ನರಿಗೆ ಹೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: ‘ಡಿಸೈನ್ ನಿನ್ನ ಕೈಯಾಗ ಇತ್ತು. ಹೊರಗ ಹ್ಯಾಂಗ ಹೋತವಾ?’ ಸರ್ ಅಲ್ಲೇ ಕೂತು ಬಶಿಯಲ್ಲಿ ಚಹಾ ಆರಿಸುತ್ತಿದ್ದರು. ‘ಹುಡುಗಿ ಅಂಥಾಕಿ ಅಲ್ಲರೀ’ ಎಂದವರು ಬಶಿ ಕೆಳಗಿಟ್ಟು, ‘ಆದ್ರೂ ಯಾರ ಮನಸ್ಸಿನ್ಯಾಗ ಏನ ಇರ್ತೈತಿ, ಹ್ಯಾಂಗ ಹೇಳೂದು?’ ಎಂದರು. ಕಳ್ಳಿ ಎಂದು ನೇರವಾಗಿ ಅಂದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಕೆಲವು ತಿಂಗಳಿಗೆ ಅದೇ ಕೆಳಗಿನ ದೀಪ ಮತ್ತೆ ಹತ್ತಿತು. ಅಲ್ಲಿದ್ದದ್ದು ಹೊಸ ಡಿಸ್ಕು! ಸರ್‌ಗೆ ಫೋನ್ ಮಾಡಿ, ಅವರು ಬರುವ ತನಕ ಸುಮ್ಮನೆ ಕೂರಲಾರದೆ ಕಾಪಿ ತೆಗೆದು, ಎರಡೂ ಡಿಸ್ಕು ಅದಲುಬದಲು ಮಾಡಿದೆ. ದೀಪ ಕೆಳಗೇ ಉಳಿಯಿತು. ಕೆಟ್ಟದ್ದು ಕೇಬಲ್ಲು, ಮೊದಲ ಸಲವೂ ಅದೇ. ಅಂದು ಸರ್ ಅದನ್ನು ಒತ್ತಿ ಕೂಡಿಸಿ ಕೂಗು ನಿಲ್ಲಿಸಿದ್ದರು. ಸತ್ತದ್ದೆಂದು ಅವರು ಒಯ್ದ ಡಿಸ್ಕು ಗಟ್ಟಿಮುಟ್ಟಾಗಿತ್ತು, ನನ್ನ ಗಿಳಿಗಳೆಲ್ಲ ಅದರೊಳಗಿದ್ದವು. ಅವು ರಬಕವಿಗೆ ಹೋದದ್ದು ಅವರ ಚೀಲದಲ್ಲೇ.

ಸರ್ ಬಂದು ಕೂರುವ ಮೊದಲೇ ಹೇಳಿದೆ: ‘ದೀಪ ಜಾಗಾ ಬಿಡಲಿಲ್ಲರೀ ಸರ್.’

ಅವರು ದೀಪ ನೋಡಿದರು. ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇ ಇಲ್ಲ. ‘ಛಲೋ ಕಲತಿ, ತಂಗಿ’ ಎಂದು ತಿರುಗಿ ಹೋದರು. ಮತ್ತೆ ಆ ಸಂಘದ ಮೆಟ್ಟಿಲು ಹತ್ತಲಿಲ್ಲ.

ಚೇರ್ಮನ್ನರಿಗೆ ವಿವರಿಸಿದರೆ, ‘ಕೇಬಲ್ಲು ಗೀಬಲ್ಲು ನನಗ ತಿಳಿಯೂದಿಲ್ಲ. ಆತು ಬಿಡು’ ಎಂದರು. ನನ್ನ ಹೆಸರಿಗೆ ಹತ್ತಿದ ಮಸಿ ಹಾಗೇ ಉಳಿಯಿತು. ವರ್ಷದೊಳಗೆ ಆ ಕೆಲಸ ಬಿಟ್ಟೆ.

ಈಗ ನನ್ನದೇ ಒಂದು ಡಿಸೈನ್ ಅಂಗಡಿ ಇದೆ. ಸರ್ ತೀರಿಕೊಂಡ ಸುದ್ದಿ ಬಂದ ದಿನ ನಾನು ಜಮಖಂಡಿಗೆ ಹೋಗಲಿಲ್ಲ. ಸಿಟ್ಟು ಆರಿರಲಿಲ್ಲ, ಇಂದಿಗೂ ಆರಿಲ್ಲ. ಆದರೆ ಯಾವ ಪೆಟ್ಟಿಗೆ ಕೂಗಿದರೂ ನನ್ನ ಕೈ ಅವರು ಹೇಳಿಕೊಟ್ಟಂತೆಯೇ ಮೊದಲು ಕಾಪಿ ತೆಗೆಯುತ್ತದೆ, ಜಾಗ ಬದಲಿಸಿ ನೋಡುತ್ತದೆ. ಈ ವಿದ್ಯೆಯನ್ನು ತಿರುಗಿ ಕೊಡಲು ಬರುವಂತಿದ್ದರೆ, ಅಂದೇ ಹೋಗಿ ಅವರ ಮನೆಯ ಅಂಗಳದಲ್ಲಿ ಇಟ್ಟು ಬರುತ್ತಿದ್ದೆ.