ಓಟು ಒಯ್ಯುವವರು ಯಾರಾದರೂ ಇದ್ದೀರಾ

ನಮ್ಮ ಮನೆಗೆ ಊಟಕ್ಕೆ ಬಂದವರು ಯಾರಾದರೂ ಬ್ರಿಟನ್ನಿನ ಸುದ್ದಿ ಎತ್ತಿದರೆ ನನ್ನ ಗಂಡ ಮೊದಲು ನನ್ನ ಕೈಯಿಂದ ಸಾರಿನ ಸೌಟು ತೆಗೆದುಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. ಒಮ್ಮೆ ಅತಿಥಿಯೊಬ್ಬರು, "ಅಯ್ಯೋ, ಆ ದೇಶದ ಕತೆ ಮುಗೀತು ಬಿಡಿ ಡಾಕ್ಟ್ರೇ" ಎಂದಾಗ, ಉತ್ತರ ಕೊಡುವ ಆವೇಶದಲ್ಲಿ ಅವರ ಪಾಯಸದ ಬಟ್ಟಲಿಗೆ ಸಾರು ಬಡಿಸಿಬಿಟ್ಟಿದ್ದೆ. ಪಾಪ, ಅವರು ಅದನ್ನೂ ತಿಂದರು. ಪಾಯಸ ಬೇರೆ ಕೊಟ್ಟೆ, ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ನಾನು ಮೈಸೂರಿನವಳು. ಇಂಗ್ಲೆಂಡಿನ ನಡುಭಾಗದ ಒಂದು ಸಾಧಾರಣ ಊರಿನಲ್ಲಿ, ಸರ್ಕಾರವೇ ನಡೆಸುವ ಆರೋಗ್ಯ ವ್ಯವಸ್ಥೆಯಲ್ಲಿ ಇಪ್ಪತ್ತೆರಡು ವರ್ಷ ಡಾಕ್ಟರಾಗಿ ದುಡಿದೆ. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆರೆದರೆ ಒಬ್ಬೊಬ್ಬರಿಗೆ ಹತ್ತು ನಿಮಿಷ. ಬಸ್ ಓಡಿಸುವವರು, ಬಿಸ್ಕತ್ತಿನ ಕಾರ್ಖಾನೆಯವರು, ಗಂಡ ಹೋದ ಮೇಲೆ ಮಾತಿಗೆ ಯಾರೂ ಇಲ್ಲದೆ ಮೊಣಕಾಲು ನೋವಿನ ನೆಪ ಮಾಡಿಕೊಂಡು ಬರುವ ಅಜ್ಜಿಯರು. ಯಾರ ಹತ್ತಿರವೂ ನಾನು ಫೀಸು ಕೇಳಬೇಕಾಗಿರಲಿಲ್ಲ. ಆ ಸುಖ ಎಂಥದ್ದೆಂದು ಇಲ್ಲಿನವರಿಗೆ ತಿಳಿಯುವ ಹಾಗೆ ಹೇಳಲು ನನಗೆ ಇನ್ನೂ ಬಂದಿಲ್ಲ.

ಗಂಡನ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾಗೆ ಕಳಿಸಿದಾಗ ಸ್ಯಾನ್ ರಮೋನ್‌ಗೆ ಬಂದೆವು. ಅದಾಗಿ ಹದಿನೆಂಟು ವರ್ಷ. ಇಲ್ಲಿ ಡಾಕ್ಟರಿಕೆ ಮಾಡಬೇಕಾದರೆ ಮತ್ತೆ ಮೊದಲಿನಿಂದ ತರಬೇತಿ ಆಗಬೇಕು ಎಂದರು ಲೈಸೆನ್ಸ್ ಕಚೇರಿಯವರು. ನಲವತ್ತೆಂಟು ವರ್ಷದ ಹೆಂಗಸಿಗೆ ಸ್ಟೆತಸ್ಕೋಪು ಹಿಡಿಯುವುದನ್ನು ಹೇಳಿಕೊಡುತ್ತೀರಾ ಎಂದು ಕೇಳಿ ಎದ್ದುಬಂದೆ. ಐದಾರು ವರ್ಷದ ಮೇಲೆ ಗಂಡ ಅಮೆರಿಕದ ಪೌರತ್ವ ತೆಗೆದುಕೊಂಡರು. ನಾನು ತೆಗೆದುಕೊಳ್ಳಲಿಲ್ಲ. ಬ್ರಿಟನ್ನಿನಲ್ಲಿದ್ದಾಗ ಒಮ್ಮೆ ಅಲ್ಲಿನ ಪೌರತ್ವ ಪಡೆದು, ಭಾರತದ ಪಾಸ್‌ಪೋರ್ಟು ಹಿಂದಿರುಗಿಸಿ, ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತವಳು ನಾನು. ಇನ್ನೊಂದು ಸಲ ಕೈಯೆತ್ತಿ ಹಿಂದಿನದನ್ನೆಲ್ಲ ಬಿಟ್ಟೆನೆಂದು ಹೇಳುವ ಮನಸ್ಸು ನನಗಿರಲಿಲ್ಲ.

ಹೀಗಾಗಿ ಭಾರತದಲ್ಲಿ ನನಗೆ ಓಟಿಲ್ಲ, ಅಮೆರಿಕದಲ್ಲೂ ಇಲ್ಲ. ಇಲ್ಲಿನ ಚುನಾವಣೆ ಬಂದಾಗ ಗಂಡ ಅಂಚೆಯಲ್ಲಿ ಬಂದ ಮತಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಶಾಲಾ ಮಂಡಳಿಯಿಂದ ಹಿಡಿದು ಅಧ್ಯಕ್ಷರವರೆಗೆ ಗುರುತು ಹಾಕುತ್ತಾರೆ. ನಾನು ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿರುತ್ತೇನೆ. ಬ್ರಿಟನ್ನಿನಲ್ಲೂ ದೇಶ ಬಿಟ್ಟು ಹದಿನೈದು ವರ್ಷವಾದವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯುತ್ತಿದ್ದರು. ಆಮೇಲೆ ಕಾನೂನು ಬದಲಾಯಿತು. ಎಷ್ಟೇ ವರ್ಷವಾಗಿದ್ದರೂ, ಹಿಂದೆ ವಾಸವಿದ್ದ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು ಎಂದರು. ಸುದ್ದಿ ಕೇಳಿದ ದಿನವೇ ಅರ್ಜಿ ಹಾಕಿದೆ. ಇಡೀ ಭೂಮಿಯ ಮೇಲೆ ನನ್ನದೆನ್ನುವ ಓಟು ಅದೊಂದೇ.

"ಬಿಟ್ಟು ಬಂದು ಯಾವ ಕಾಲ ಆಯ್ತು! ನಿಂಗ್ಯಾಕೆ ಆ ಊರಿನ ಉಸಾಬರಿ?" ಎಂದರು ಗಂಡ.

"ಇಪ್ಪತ್ತೆರಡು ವರ್ಷ ಆ ಊರಿನ ಗಂಟಲು ನೋಡಿದೀನಿ ರೀ. ನಂಗಲ್ದೆ ಇನ್ಯಾರಿಗೆ?" ಎಂದೆ.

ನನ್ನ ಸಿಟ್ಟು ಏನೆಂದು ಹೇಳಿಯೇ ಬಿಡುತ್ತೇನೆ. ಬೊಕ್ಕಸ ಬರಿದಾಗಿದೆ, ಎಲ್ಲರೂ ಹೊಟ್ಟೆ ಕಟ್ಟಬೇಕು ಎಂದು ಅಲ್ಲಿನ ಸರ್ಕಾರ ಹೇಳಿತು. ಕಟ್ಟಿದ್ದು ಯಾರ ಹೊಟ್ಟೆ? ನನ್ನ ಕ್ಲಿನಿಕ್ಕಿನ ಎದುರಿಗಿದ್ದ ಗ್ರಂಥಾಲಯ ಮುಚ್ಚಿತು. ಹುಡುಗರು ಸಂಜೆ ಟೇಬಲ್ ಟೆನಿಸ್ ಆಡುತ್ತಿದ್ದ ಕೇಂದ್ರ ಮುಚ್ಚಿತು. ಆಮೇಲೆ ಅದೇ ಮಂತ್ರಿಗಳು, ಈ ಹುಡುಗರೇಕೆ ಬೀದಿಯಲ್ಲಿ ನಿಂತಿರುತ್ತಾರೆ ಎಂದು ಆಶ್ಚರ್ಯಪಟ್ಟರು. ಯುರೋಪಿನ ಜೊತೆ ಇರಬೇಕೋ ಬೇಡವೋ ಎಂದು ಜನರನ್ನು ಕೇಳಿದವರ ಹತ್ತಿರ, ಬೇಡ ಎಂದರೆ ಮುಂದೇನು ಎನ್ನುವುದಕ್ಕೆ ಒಂದು ಹಾಳೆಯಷ್ಟು ಉತ್ತರವೂ ಇರಲಿಲ್ಲ. ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳಾದರು. ಅವರಲ್ಲೊಬ್ಬರು, ನಮ್ಮ ಹಿತ್ತಲ ನಿಂಬೆಹಣ್ಣಿನ ಉಪ್ಪಿನಕಾಯಿ ಜಾಡಿಯಲ್ಲಿ ಮಾಗುವಷ್ಟರಲ್ಲಿ ಬಂದು, ಮನೆ ಕೊಂಡವರ ಬಡ್ಡಿ ಏರಿಸಿ, ಹೋಗಿಯೂ ಆಗಿತ್ತು. ನೀರಿನ ಕಂಪನಿಗಳು ನದಿಗಳಿಗೆ ಕೊಳಚೆ ಬಿಡುವುದನ್ನು ಮಂತ್ರಿಗಳು ನೋಡುತ್ತಾ ಕೂತರು. ನನ್ನ ಹಳೆಯ ರೋಗಿಯೊಬ್ಬಾಕೆ ಪ್ರತಿ ಕ್ರಿಸ್‌ಮಸ್ಸಿಗೂ ಕಾರ್ಡು ಕಳಿಸುತ್ತಾಳೆ. ಸೊಂಟದ ಆಪರೇಶನ್ನಿಗೆ ಕಾಯುತ್ತಿದ್ದೇನೆ ಎಂದು ಅವಳು ಮೂರು ಕಾರ್ಡುಗಳಲ್ಲಿ ಬರೆದಳು. ಮೂರನೆಯದನ್ನು ಓದಿ ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಸ್ಯಾನ್ ರಮೋನಿನಲ್ಲಿ ಇದನ್ನು ಹೇಳಿದರೆ, "ಅದಕ್ಕೇ ಡಾಕ್ಟ್ರೇ, ಸರ್ಕಾರದ ಕೈಲಿ ಆಸ್ಪತ್ರೆ ಕೊಡಬಾರದು" ಎನ್ನುತ್ತಾರೆ. ಎದೆನೋವು ಬಂದಾಗ ಆಂಬುಲೆನ್ಸ್ ಕರೆಯುವ ಮೊದಲು ಇನ್ಶೂರೆನ್ಸ್ ಕಾರ್ಡು ಹುಡುಕುವ ಜನ ನನಗೆ ಇದನ್ನು ಹೇಳುವುದು! ಒಳ್ಳೆಯ ವ್ಯವಸ್ಥೆಯನ್ನು ಉಪವಾಸ ಕೆಡವಿ, ನೋಡಿ ಇದಕ್ಕೆ ನಡೆಯಲೂ ಶಕ್ತಿಯಿಲ್ಲ ಎನ್ನುವುದು ಅನ್ಯಾಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಸೌಟು ಕೈಯಲ್ಲಿ ಇದ್ದರೂ ಇಲ್ಲದಿದ್ದರೂ.

ಬ್ರಿಟನ್ನಿನ ಚುನಾವಣೆ ಜುಲೈ ಮೊದಲ ಗುರುವಾರ ಎಂದು ಗೊತ್ತಾಗಿತ್ತು. ಮತಪತ್ರವನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದಿದ್ದರು. ಮೂರು ವಾರ ದಿನಕ್ಕೆರಡು ಸಲ ಅಂಚೆಪೆಟ್ಟಿಗೆ ತೆಗೆದು ನೋಡಿದೆ. ಬಂದದ್ದು ಸೋಮವಾರ ಮಧ್ಯಾಹ್ನ, ಚುನಾವಣೆಗೆ ಮೂರೇ ದಿನ ಮೊದಲು. ಲಕೋಟೆಯಲ್ಲಿ ಮತಪತ್ರ, ಸಹಿ ಹಾಕುವ ಹಾಳೆ, ಮರಳಿ ಕಳಿಸುವ ಇನ್ನೊಂದು ಲಕೋಟೆ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅದು ಸಮುದ್ರ ದಾಟಿ ಮೂರು ದಿನದಲ್ಲಿ ವಾಪಸ್ಸು ಹೇಗೆ ಮುಟ್ಟಬೇಕು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಕೊರಿಯರಿನವರು ಶುಕ್ರವಾರ ಎಂದರು.

"ಹೋಗ್ಲಿ ಬಿಡೆ," ಎಂದರು ಗಂಡ. ನಾನು ಬಿಡಲಿಲ್ಲ. ನಮ್ಮವರು ಯಾರಾದರೂ ಊರಿಗೆ ಹೊರಟರೆ ಚಟ್ನಿಪುಡಿ, ಮಾತ್ರೆ, ಹೊಲಿಸಿದ ರವಿಕೆ ಎಲ್ಲ ಅವರ ಸೂಟ್‌ಕೇಸಿನಲ್ಲಿ ಹೋಗುತ್ತವೆ. ಓಟು ಯಾಕೆ ಹೋಗಬಾರದು? ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ನಾಳೆ ಲಂಡನ್ನಿಗೆ ಯಾರಾದ್ರೂ ಹೋಗೋರಿದ್ದೀರಾ? ಅರ್ಜೆಂಟು."

"ಏನ್ ಕಳಿಸ್ಬೇಕು ಡಾಕ್ಟ್ರೇ? ಉಪ್ಪಿನಕಾಯಿ ಆದ್ರೆ ಲೀಕ್ ಆಗದ ಹಾಗೆ ಪ್ಯಾಕ್ ಮಾಡಿ," ಎಂದು ಒಬ್ಬರು ಬರೆದರು.

"ಓಟು," ಎಂದು ಬರೆದೆ. ಐದು ನಿಮಿಷಕ್ಕೆ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಎವರ್‌ಗ್ರೀನ್ ಬಡಾವಣೆಯ ಒಬ್ಬ ಹುಡುಗಿ ಫೋನ್ ಮಾಡಿದಳು. ಸಾಫ್ಟ್‌ವೇರ್ ಎಂಜಿನಿಯರು, ಗದಗಿನ ಕಡೆಯವಳು. ಆಫೀಸಿನ ಕೆಲಸದ ಮೇಲೆ ಮಂಗಳವಾರ ಸಂಜೆ ಲಂಡನ್ನಿಗೆ ಹೊರಡುವವಳಿದ್ದಳು. "ಬುಧವಾರ ಇಳೀತೀನಿ ಆಂಟಿ. ಏರ್‌ಪೋರ್ಟಲ್ಲೇ ಪೋಸ್ಟ್ ಬಾಕ್ಸ್ ಇರುತ್ತಲ್ಲ, ಹಾಕಿಬಿಡ್ತೀನಿ," ಎಂದಳು. ಬುಧವಾರ ಹಾಕಿದರೆ ಗುರುವಾರ ಮುಟ್ಟಬಹುದು, ಮುಟ್ಟದಿರಲೂಬಹುದು. ಬೇರೆ ದಾರಿ ಇರಲಿಲ್ಲ. ಮತಪತ್ರಕ್ಕೆ ಗುರುತು ಹಾಕಿ, ಲಕೋಟೆ ಅಂಟಿಸಿ, 680 ಫ್ರೀವೇ ಹಿಡಿದು ಆವತ್ತೇ ಎವರ್‌ಗ್ರೀನಿಗೆ ಹೋದೆ.

ಬಾಗಿಲು ತೆರೆದದ್ದು ಹುಡುಗಿಯ ತಾಯಿ. ಮೊಮ್ಮಗನನ್ನು ನೋಡಿಕೊಳ್ಳಲು ಗದಗಿನಿಂದ ಬಂದಿದ್ದರು. ಮಗು ಅವರ ಸೊಂಟದ ಮೇಲೆಯೇ ಇತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಈ ಪಾಕೀಟಿನಾಗ ಏನೈತ್ರಿ?"

"ನನ್ನ ಓಟು ಅಮ್ಮ."

ಮಗುವನ್ನು ಮಗಳ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಈ ಸಲ ನಂದು ತಪ್ಪಿತ್ರಿ. ನಾ ಇಲ್ಲಿ ಕೂಸಿನ್ನ ಆಡಸ್ಕೋತ ಕುಂತೆ, ಅಲ್ಲಿ ಓಟಿನ ದಿನ ಹೋತು. ಲಗ್ನ ಆದಾಗಿಂದ ಒಂದೂ ಬಿಟ್ಟಾಕಿ ಅಲ್ಲ ನಾ. ಇಕಿ ಹೊಟ್ಟ್ಯಾಗ ಇದ್ದಾಗೂ ಸಾಲಿನಾಗ ನಿಂತೇನಿ," ಎಂದರು. ಹೇಳುತ್ತಾ ಒಳಗೆ ಹೋದವರು ಬರುವಾಗ ಲಕೋಟೆಯ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ತಂದರು.

"ಅವ್ವಾ! ಅದು ಇಲೆಕ್ಷನ್ ಪೇಪರು, ಮದುವೆ ಕಾರ್ಡಲ್ಲ!" ಎಂದು ಮಗಳು ಕೂಗಿದಳು. ನಾನು ಲಕೋಟೆ ಇಸಿದುಕೊಂಡು ತಿರುಗಿಸಿ ನೋಡಿದೆ. ಆಮೇಲೆ ನಿಯಮ ನೆನಪಾಯಿತು. ಒಳಗಿನ ಮತಪತ್ರದ ಮೇಲೆ ಬೇರೆ ಗುರುತು ಇರಬಾರದು, ಹೊರಗಿನ ಲಕೋಟೆಯ ಬಗ್ಗೆ ಏನೂ ಹೇಳಿಲ್ಲ. "ಇರಲಿ ಬಿಡಮ್ಮ," ಎಂದೆ.

ತಾಯಿ ಮಗಳ ಕಡೆ ತಿರುಗಿದರು. "ಡಬ್ಬಿಗೆ ಹಾಕಬ್ಯಾಡ. ಅವರ ಊರಿಗೆ ಹೋಗಿ ಕೈಯಾಗ ಕೊಟ್ಟು ಬಾ."

"ಅವ್ವ, ಅದು ಲಂಡನ್ನಿಂದ ಟ್ರೇನಲ್ಲಿ ಎರಡು ತಾಸು. ಗುರುವಾರ ನಂಗೆ ಮೀಟಿಂಗಿದೆ."

"ಮೀಟಿಂಗು ದಿನಾ ಇರ್ತಾವು."

ಪೋಸ್ಟೇ ಸಾಕು, ತೊಂದರೆ ತೆಗೆದುಕೊಳ್ಳಬೇಡ ಎಂದು ನಾನು ಹೇಳಿದೆ. ನಿಜ ಹೇಳಬೇಕೆಂದರೆ ಗಟ್ಟಿಯಾಗಿ ಹೇಳಲಿಲ್ಲ.

ಆ ಗುರುವಾರ ಅಮೆರಿಕದ ಸ್ವಾತಂತ್ರ್ಯ ದಿನ. ಬ್ರಿಟಿಷರಿಂದ ಬಿಡುಗಡೆಯಾಯಿತೆಂದು ನಮ್ಮ ಬೀದಿಯ ತುಂಬ ಬಾವುಟ ಹಾಕಿದ್ದರು, ಪಕ್ಕದ ಮನೆಯವರು ಬೆಳಗ್ಗೆಯೇ ಅಂಗಳದಲ್ಲಿ ಒಲೆ ಹೂಡಿದ್ದರು. ನಾನು ಅಡುಗೆಮನೆಯಲ್ಲಿ ಫೋನ್ ಎದುರಿಗಿಟ್ಟುಕೊಂಡು, ಅದೇ ಬ್ರಿಟಿಷರಿಗೆ ನನ್ನ ಓಟು ಮುಟ್ಟಲಿ ಎಂದು ಕೂತಿದ್ದೆ. ಎಂಟು ಗಂಟೆಗೆ ಹುಡುಗಿಯ ಮೆಸೇಜು ಬಂತು: ಟ್ರೇನು ರದ್ದು, ಡ್ರೈವರ್ ಇಲ್ಲವಂತೆ. ಇನ್ನೊಂದು ಮೆಸೇಜು: ಮುಂದಿನದು ಹತ್ತಿದ್ದೇನೆ, ನಿಲ್ಲಲೂ ಜಾಗವಿಲ್ಲ. ಅದಾದ ಮೇಲೆ ಎರಡು ಗಂಟೆ ಏನೂ ಇಲ್ಲ. ಆ ದೇಶದ ರೈಲ್ವೆಯನ್ನು ಹಾಳು ಮಾಡಿದ ಒಬ್ಬೊಬ್ಬ ಮಂತ್ರಿಯನ್ನೂ ನೆನೆನೆನೆದು ಬೈದೆ. ಗಂಡ ಎರಡು ಸಲ ಕಾಫಿ ಮಾಡಿಕೊಟ್ಟರು.

ಹತ್ತೂವರೆಗೆ ಫೋನ್ ಬಂತು. ಅಲ್ಲಿ ಸಂಜೆ ಆರೂವರೆ, ಮತಗಟ್ಟೆ ಮುಚ್ಚಲು ಇನ್ನೂ ಹೊತ್ತಿತ್ತು.

"ಆಂಟಿ, ಕೊಟ್ಟೆ! ಚರ್ಚ್ ಹಾಲಲ್ಲಿ ಒಬ್ರು ವಯಸ್ಸಾದ ಅಂಕಲ್ ಕೂತಿದ್ರು. ಬೇರೆಯವರ ಓಟು ತಂದ್ರೆ ಒಂದು ಫಾರ್ಮ್ ತುಂಬ್ಬೇಕಂತೆ. ಯಾಕೆ ನೀವು ತಂದಿದೀರಿ, ಕಾರಣ ಬರೀರಿ ಅಂದ್ರು."

"ಏನ್ ಬರೆದೆ?"

"ಅವ್ವ ಹೇಳಿದ್ದಾಳೆ ಅಂತ. ಇಂಗ್ಲಿಷಲ್ಲಿ. ಓದಿ ನಕ್ಕರು, ಇಸ್ಕೊಂಡ್ರು."

ಫೋನ್ ಇಟ್ಟು ಆರಿದ ಕಾಫಿ ಕುಡಿದೆ. ಗಂಡ ಬಂದು ಹೆಗಲ ಮೇಲೆ ಕೈಯಿಟ್ಟು, "ಮುಟ್ತಾ?" ಎಂದಷ್ಟೇ ಕೇಳಿದರು.

ನಾನು ಓಟು ಹಾಕಿದ್ದು ಎರಡೂ ದೊಡ್ಡ ಪಕ್ಷಗಳಿಗೆ ಸೇರದ ಅಭ್ಯರ್ಥಿಗೆ, ಅವರು ಸೋತರು. ಸ್ವಲ್ಪದರಲ್ಲಲ್ಲ, ಚೆನ್ನಾಗಿಯೇ ಸೋತರು. ದೇಶದಲ್ಲಿ ಹಳೆಯ ಸರ್ಕಾರ ಹೋಗಿ ಹೊಸದು ಬಂತು. ಬದಲಾವಣೆ, ಬದಲಾವಣೆ ಎಂದು ಕೂಗಿ ಬಂದವರು ತಿಂಗಳೊಳಗೆ ಮೊದಲು ಕೈಹಾಕಿದ್ದು ಮುದುಕರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ ನೆರವಿಗೆ. ಸೊಂಟದ ಆಪರೇಶನ್ನಿಗೆ ಕಾದಿದ್ದ ಆ ಹೆಂಗಸು ಇನ್ನು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕಾಯಬೇಕು. ಸುದ್ದಿ ಕೇಳಿದಾಗ ನಾವು ವಾಕಿಂಗಿನಲ್ಲಿದ್ದೆವು. "ನೋಡಿ ಡಾಕ್ಟ್ರೇ, ಅಷ್ಟೆಲ್ಲಾ ಒದ್ದಾಡಿ ಏನಾಯ್ತು?" ಎಂದರು ಜೊತೆಯಲ್ಲಿದ್ದವರು. ನಾನು ವಾಕಿಂಗನ್ನು ಅರ್ಧಕ್ಕೇ ಬಿಟ್ಟು, ಅವಮಾನದಿಂದ ಮನೆಗೆ ಬಂದೆ.

ಅದೇ ವಾರ ಗದಗಿನ ತಾಯಿ ಊರಿಗೆ ಹೊರಡುವವರಿದ್ದರು. ಹೋಗಿಬನ್ನಿ ಎನ್ನಲು ಎವರ್‌ಗ್ರೀನಿಗೆ ಹೋದೆ. ಸೂಟ್‌ಕೇಸಿನ ಮುಂದೆ ಕೂತು ಸೀರೆ ಮಡಚುತ್ತಿದ್ದರು.

"ನೀವು ಓಟು ಹಾಕಿದಾಂವ ಗೆದ್ದನೇನ್ರಿ?"

"ಇಲ್ಲಮ್ಮ, ಸೋತ್ರು. ನಿಮ್ಮ ಮಗಳನ್ನ ಸುಮ್ನೆ ಅಲೆಸಿದ ಹಾಗಾಯ್ತು."

ಅವರು ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಸುಮ್ನ ಹೆಂಗಾತ್ರಿ ಅಕ್ಕಾರ? ಗೆದ್ದಾಂವಗ ಗೊತ್ತಾತಲ್ಲ, ಈ ಊರಾಗ ಒಂದು ಓಟು ತನಗ ಬಿದ್ದಿಲ್ಲ ಅಂತ."

ಮರುದಿನ ಬೆಳಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ನನ್ನ ಊರಿನಿಂದ ಗೆದ್ದ ಸಂಸದರಿಗೆ ಕಾಗದ ಬರೆದೆ. ನಾನು ನಿಮಗೆ ಓಟು ಹಾಕಿಲ್ಲ, ಆದರೂ ನೀವು ನನ್ನ ಪ್ರತಿನಿಧಿ, ಆದ್ದರಿಂದ ಕೇಳಿಸಿಕೊಳ್ಳಿ ಎಂದು ಶುರುಮಾಡಿದೆ. ನಾಲ್ಕು ಪುಟವಾಯಿತು.